ಘಾಟಿ ಇಳಿಯುವ ಪಿಕಪ್‌ಗೆ ಯಾವ ಪ್ಯಾಡ್, ಯಾವ ಡಿಸ್ಕ್?

ಪ್ರಶ್ನೆ – ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಬೊಲೆರೊ ಪಿಕಪ್‌ನ ಮುಂದಿನ ಬ್ರೇಕ್ ಪ್ಯಾಡ್ ಸವೆದಿದ್ದು, ಅದು ಒತ್ತಿ ಹಿಡಿಯುವ ಡಿಸ್ಕ್‌ನ ಮೇಲೂ ಉಗುರಿಗೆ ಸಿಗುವಷ್ಟು ಆಳದ ಗೀರುಗಳು ಬಿದ್ದಿವೆ. ಗಾಡಿ ಕೊಯ್ಲಿನಲ್ಲಿ ಕಾಫಿ ಮೂಟೆ ಹೊತ್ತು ಚಿಕ್ಕಮಗಳೂರಿಗೆ ಹೋಗುತ್ತದೆ. ಉಳಿದ ಕಾಲದಲ್ಲಿ ಶುಂಠಿ ತುಂಬಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತದೆ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ, ಪೆಡಲ್ ನಡುಗುತ್ತದೆ, ಗಾಡಿ ನಿಲ್ಲಿಸಲು ಮೊದಲಿಗಿಂತ ಜೋರಾಗಿ ಒತ್ತಬೇಕಾಗುತ್ತದೆ. ಅಂಗಡಿಯವರು ಕಂಪನಿಯ ಪ್ಯಾಡ್, ಅದರ ಅರ್ಧ ಬೆಲೆಯ ಇನ್ನೊಂದು ಮತ್ತು ‘ಸೆರಾಮಿಕ್’ ಎಂಬ ಮೂರನೆಯದನ್ನು ತೋರಿಸಿದರು. ತೂತು ಕೊರೆದ ಡಿಸ್ಕ್ ಬೇಗ ತಣಿಯುತ್ತದೆ ಎಂದೂ ಹೇಳಿದರು. ಮೆಕ್ಯಾನಿಕ್ ಮಾತ್ರ ಹಳೆಯ ಡಿಸ್ಕನ್ನೇ ಲೇತ್‌ಗೆ ಕೊಟ್ಟು ಮೈ ಹೆರೆಸಿ ಸಮ ಮಾಡಿಸಿದರೆ ಸಾಕೆನ್ನುತ್ತಾರೆ. ತಿಳಿದವರು ದಾರಿ ತೋರಿಸಬೇಕು.

ಉತ್ತರ 1 – ಹಾಸನದ ಗ್ಯಾರೇಜ್‌ನವರು

ನಮಸ್ಕಾರ ಸರ್. ನೀವು ಹೇಳಿದ ಲಕ್ಷಣಗಳಲ್ಲಿ ಮುಖ್ಯವಾದದ್ದು ಪೆಡಲ್ ಗಟ್ಟಿಯಾಗಿಯೇ ಇದ್ದೂ ಗಾಡಿ ನಿಲ್ಲದಿರುವುದು. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದಿದೆ ಎಂದು ಅರ್ಥ. ಗಟ್ಟಿಯಿದ್ದೂ ಹಿಡಿಯದಿದ್ದರೆ ಪ್ಯಾಡ್ ತನ್ನ ಮಿತಿ ಮೀರಿ ಕಾದಿದೆ ಎಂದು ತಿಳಿಯಬೇಕು. ಲೋಡ್ ಸೇರಿ ಎರಡೂವರೆ ಟನ್ ತೂಗುವ ಗಾಡಿ 500 ಮೀಟರ್ ಎತ್ತರವನ್ನು ಬರೀ ಬ್ರೇಕಿನ ಮೇಲೆ ಇಳಿದರೆ ಹುಟ್ಟುವ ಶಾಖ ಸುಮಾರು 40 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು, ಮತ್ತು ಅದರ ಹೆಚ್ಚಿನ ಪಾಲನ್ನು ಮುಂದಿನ ಎರಡು ಡಿಸ್ಕ್‌ಗಳೇ ನುಂಗಬೇಕು. ಆದ್ದರಿಂದ ಪ್ಯಾಡ್ ಎಷ್ಟು ದಿನ ಬಾಳುತ್ತದೆ ಎಂಬುದಕ್ಕಿಂತ ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ನೋಡಿ ಕೊಳ್ಳಿ.

ನನ್ನ ಅಭಿಪ್ರಾಯದಲ್ಲಿ ನಿಮಗೆ ಬೇಕಾದದ್ದು ಗಾಡಿಯ ಕಂಪನಿಯದ್ದೋ ಹೆಸರಾಂತ ತಯಾರಕರದ್ದೋ ಆದ ಸೆಮಿ ಮೆಟಾಲಿಕ್, ಅಂದರೆ ಲೋಹ ಬೆರೆಸಿದ, ಪ್ಯಾಡ್. ಅದು ತುಸು ಸದ್ದು ಮಾಡುತ್ತದೆ, ಚಕ್ರಕ್ಕೆ ಕಪ್ಪು ಧೂಳು ಹಿಡಿಸುತ್ತದೆ, ಆದರೆ ಲೋಡ್ ಗಾಡಿಗೆ ಅದೇ ಸರಿ. ಸೆರಾಮಿಕ್ ಪ್ಯಾಡ್‌ನ ಹೆಚ್ಚುಗಾರಿಕೆ ಇರುವುದು ಕಾರುಗಳಿಗೆ ಬೇಕಾದ ನಿಶ್ಶಬ್ದದಲ್ಲಿ ಮತ್ತು ಕಡಿಮೆ ಧೂಳಿನಲ್ಲಿ. ಅಗ್ಗದ ಪ್ಯಾಡ್‌ನ ಪೊಟ್ಟಣದ ಮೇಲೆ ಆ ಹೆಸರಿದ್ದ ಮಾತ್ರಕ್ಕೆ ಏನೂ ಸಿದ್ಧವಾಗುವುದಿಲ್ಲ. ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ‘ಎಫ್‌ಎಫ್’, ‘ಜಿಜಿ’ ಎಂಬಂಥ ಜೋಡಿ ಅಕ್ಷರಗಳಿರುತ್ತವೆ. ಮೊದಲನೆಯದು ತಣ್ಣಗಿರುವಾಗಿನ ಹಿಡಿತವನ್ನೂ ಎರಡನೆಯದು ಬಿಸಿಯಲ್ಲಿನ ಹಿಡಿತವನ್ನೂ ಸೂಚಿಸುತ್ತದೆ. ಎಫ್ ಎಂದರೆ ಘರ್ಷಣಾಂಕ (ಹಿಡಿತದ ಅಳತೆ) 0.35ರಿಂದ 0.45; ಇ ಅದಕ್ಕಿಂತ ಕಡಿಮೆ. ಎರಡನೆಯ ಅಕ್ಷರ ಇ ಇದ್ದರೆ ಘಾಟಿಗೆ ಬೇಡ.

ತೂತಿನ ಡಿಸ್ಕನ್ನೂ ಬಿಡಿ. ಪದೇ ಪದೇ ಕಾದು ತಣಿಯುವಾಗ ಬಿರುಕು ಆ ತೂತುಗಳ ಅಂಚಿನಿಂದಲೇ ಶುರುವಾಗುತ್ತದೆ, ಮೇಲಾಗಿ ಶಾಖ ಹೀರುವ ಕಬ್ಬಿಣವೂ ಅಷ್ಟು ಕಡಿಮೆಯಾಗಿರುತ್ತದೆ. ಮೂಲ ಅಳತೆಯ ಸಾದಾ ಡಿಸ್ಕೇ ಉತ್ತಮ.

ಉತ್ತರ 2 – ಸಕಲೇಶಪುರದ ಚಾಲಕರು

ಮೇಲಿನವರ ಮಾತು ಸರಿಯಾಗಿದೆ. ಆದರೆ ಎಷ್ಟೇ ಒಳ್ಳೆಯ ಪ್ಯಾಡ್ ಹಾಕಿದರೂ ಮೂರನೆಯ ಗೇರ್‌ನಲ್ಲಿ ಬಿಟ್ಟುಕೊಂಡು ಇಳಿದರೆ ಅದು ಸುಡುವುದೇ. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಇಳಿಜಾರು ಶುರುವಾಗುವ ಮುನ್ನವೇ ಎರಡನೆಯ ಗೇರ್‌ಗೆ ಬನ್ನಿ. ಕಾಲನ್ನು ಪೆಡಲ್ ಮೇಲೆ ಇಟ್ಟೇ ಇರದೆ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಟ್ಟುಬಿಡಿ.

ಉತ್ತರ 3 – ಚಿಕ್ಕಮಗಳೂರಿನ ಲೇತ್ ಕೆಲಸದವರು

ಲೇತ್ ನನ್ನ ಕಸುಬೇ ಆದ್ದರಿಂದ ಆ ಬಗ್ಗೆ ಮಾತ್ರ ಹೇಳುತ್ತೇನೆ. ಡಿಸ್ಕ್‌ನ ಅಂಚಿನಲ್ಲಿ ಅಥವಾ ನಡುವಿನ ಟೋಪಿಯ ಭಾಗದಲ್ಲಿ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಹೊಸ ಡಿಸ್ಕ್‌ಗೂ ಆ ಮಿತಿಗೂ ಇರುವ ಅಂತರ ಬಹುತೇಕ ಗಾಡಿಗಳಲ್ಲಿ 2 ಮಿ.ಮೀ. ಆಸುಪಾಸು ಮಾತ್ರ. ಉಗುರಿಗೆ ಸಿಗುವ ಗೀರು ಹೋಗುವವರೆಗೆ ಎರಡೂ ಮುಖ ತೆಗೆದರೆ ಉಳಿಯುವುದು ಬಹಳ ಕಡಿಮೆ, ತೆಳುವಾದ ಡಿಸ್ಕ್ ಮತ್ತೂ ಬೇಗ ಕಾಯುತ್ತದೆ. ಮೈಕ್ರೋಮೀಟರ್ ಹಿಡಿದು ಅಳೆಸದೆ ಲೇತ್‌ಗೆ ಕೊಡಬೇಡಿ. ಮಿತಿಯ ಹತ್ತಿರ ಬಂದಿದ್ದರೆ ಎಡಬಲ ಎರಡನ್ನೂ ಹೊಸದು ಹಾಕಿಸಿ.

ಪೆಡಲ್ ನಡುಗುವುದಕ್ಕೆ ಡಿಸ್ಕ್ ಸೊಟ್ಟಗಾಗಿದೆ ಎನ್ನುವುದು ವಾಡಿಕೆ. ಹೆಚ್ಚಿನ ಸಲ ಕಾರಣ ಡಿಸ್ಕ್‌ನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವುದು, ಇಲ್ಲವೆ ಡಿಸ್ಕ್ ಕೂರುವ ಹಬ್‌ನ ಮೇಲೆ ಕುಳಿತ ತುಕ್ಕು. ನಮ್ಮ ಮಲೆನಾಡಿನ ಮಳೆಯಲ್ಲಿ ಆ ತುಕ್ಕು ತಪ್ಪಿದ್ದಲ್ಲ. ಅದನ್ನು ವೈರ್ ಬ್ರಷ್‌ನಿಂದ ಉಜ್ಜದೆ ಹೊಸ ಡಿಸ್ಕ್ ಕೂರಿಸಿದರೆ ನಡುಕ ಮರಳಿ ಬರುತ್ತದೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಅಳೆಸಿದೆ, ಬಲಗಡೆಯ ಡಿಸ್ಕ್ ಆಗಲೇ ಮಿತಿಗಿಂತ ತೆಳುವಾಗಿದೆ, ಎರಡನ್ನೂ ಬದಲಿಸುತ್ತೇನೆ. ಇದೇ ಸಮಯದಲ್ಲಿ ಬೇರೆ ಏನನ್ನಾದರೂ ಮಾಡಿಸಬೇಕೆ?

ಉತ್ತರ 1ರವರು ಮತ್ತೆ

ಒಂದೇ ಬದಿ ಹೆಚ್ಚು ಸವೆದಿದೆ ಎಂದರೆ ಆ ಬದಿಯ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಪಿನ್ ಅಥವಾ ಪಿಸ್ಟನ್ ಹಿಡಿದುಕೊಂಡಿರುವ ಸಂಭವವಿದೆ. ಬಿಚ್ಚಿಸಿ ನೋಡದೆ ಹೊಸ ಪ್ಯಾಡ್ ಹಾಕಿಸಬೇಡಿ. ಪಿನ್‌ಗಳಿಗೆ ರಬ್ಬರ್ ಕೆಡಿಸದ ಸಿಲಿಕೋನ್ ಗ್ರೀಸನ್ನೇ ಹಚ್ಚಿಸಿ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ: ಡಾಟ್ 4 ಆಯಿಲ್‌ಗೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕುದಿಬಿಂದು, ತೇವ ಹಿಡಿದ ಸ್ಥಿತಿಗೆ ನಿಗದಿಯಾದ ಮಾನದಂಡದಲ್ಲಿ 155 ಮಾತ್ರ. ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿಸಿ ಒಳಗೆ ಉಜ್ಜಿ ಹಿಡಿಯುವ ಲೈನರ್ ನೋಡಿಸಿ, ಏಕೆಂದರೆ ಹಿಂದಿನದು ಹಿಡಿಯದಿದ್ದರೆ ಅದರ ಪಾಲೂ ಮುಂದಿನದರ ಮೇಲೇ ಬೀಳುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ 50–60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸದೆ ಹಲವು ಸಲ ನಿಧಾನಗೊಳಿಸಿ, ನಡುನಡುವೆ ಆರಲು ಬಿಡಿ. ಅಷ್ಟಾದ ಮೇಲೆಯೇ ಲೋಡ್ ಹಾಕಿ ಘಾಟಿಗೆ ಕಳುಹಿಸಿ.