ಸಹಾಯ ಬೇಕು: ಗೊಬ್ಬರದ ಡ್ರಮ್ ನಾರುತ್ತಿದೆ

ನಮಸ್ಕಾರ. ಅಡುಗೆಮನೆಯ ಕಸ, ಕೈತೋಟದ ಕಸ ಎರಡನ್ನೂ ಮನೆಯಲ್ಲೇ ಗೊಬ್ಬರ ಮಾಡೋಣ ಅಂತ ಶುರು ಮಾಡಿ 2 ತಿಂಗಳಾಯಿತು. 60 ಲೀಟರಿನ ಪ್ಲಾಸ್ಟಿಕ್ ಡ್ರಮ್, ಸುತ್ತಲೂ ತೂತು ಕೊರೆದಿದ್ದೇನೆ. ದಿನಾ ತರಕಾರಿ ಸಿಪ್ಪೆ, ವಾರಕ್ಕೊಮ್ಮೆ ಕತ್ತರಿಸಿದ ಹಸಿ ಹುಲ್ಲು. ಹುಲ್ಲೇ ಸ್ವಲ್ಪ ಜಾಸ್ತಿಯಾಯಿತೇನೋ, ಅಂಟಂಟಾಗಿ ಮುದ್ದೆ ಕಟ್ಟಿದೆ. ತಳದಲ್ಲಿ ಕಪ್ಪು ನೀರು, ಕೊಳೆತ ಮೊಟ್ಟೆಯ ವಾಸನೆ. ಮುಚ್ಚಳ ತೆಗೆದರೆ ಬಿಳಿ ಹುಳುಗಳು ಬೇರೆ! ಮನೆಯವರು ಮೂಗು ಮುಚ್ಚಿಕೊಂಡೇ ಓಡಾಡುತ್ತಿದ್ದಾರೆ.

ಹಸಿ ಕಸ ಒಂದು ಪಾಲಾದರೆ ಒಣ ಎಲೆ ಎರಡು ಮೂರು ಪಾಲು ಬೇಕು, ಒಳಗೆ ಗಾಳಿಯಾಡಬೇಕು ಅಂತ ಗೊತ್ತು. ಆದರೆ ಅಷ್ಟು ಒಣ ಎಲೆ ಸಿಗುತ್ತಿಲ್ಲ. ಬದಲಿಗೆ ರಟ್ಟು ಹರಿದು ಹಾಕಿದವರಿದ್ದೀರಾ? ಮರದ ಪುಡಿ ಆಗುತ್ತದಾ? ಈಗಿರುವುದನ್ನು ಪೂರ್ತಿ ಹೊರಗೆ ಸುರಿದು ಆರಿಸಬೇಕಾ, ಇಲ್ಲ ಅಲ್ಲೇ ಕೆದಕಿದರೆ ಸಾಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.