ಹಾಸ್ಟೆಲ್ ಮೆಸ್: ಉಪ್ಪು-ಸಕ್ಕರೆ ಇಳಿಯಬೇಕು, ಆದರೆ ಯಾವುದಕ್ಕೂ ನಿಷೇಧ ಬೇಡ

ಪ್ರಶ್ನೆ:
ದಾವಣಗೆರೆಯ ಕಾಲೇಜು ಹಾಸ್ಟೆಲ್, ಊಟಕ್ಕೆ 200 ಹುಡುಗರು. ಉಪ್ಪು, ಸಕ್ಕರೆ, ಬೆಣ್ಣೆ ಕಡಿಮೆಯಾಗಬೇಕು. ಬೇಕೆಂದವರಿಗೆ ಇಲ್ಲ ಅನ್ನಬಾರದು. ಎಲ್ಲಿಂದ ಶುರು ಮಾಡೋದು?

ಉತ್ತರ 1:
ಟೀಯಿಂದ ಮಾಡಿ ಸರ್. ಕುದಿಸುವಾಗಲೇ ಸಕ್ಕರೆ ಹಾಕಿದರೆ ಕುಡಿಯುವವರಿಗೆ ಆಯ್ಕೆಯೇ ಉಳಿಯಲ್ಲ. ಸಕ್ಕರೆ ಹಾಕದೆ ಕುದಿಸಿ, ಪಕ್ಕದಲ್ಲೇ ಡಬ್ಬಿ ಇಡಿ. ಚಮಚ ಸಣ್ಣದಿರಲಿ, ದೊಡ್ಡದಿದ್ದರೆ ಲೆಕ್ಕ ತಪ್ಪುತ್ತೆ. ಉಪ್ಪಿನ ಬಟ್ಟಲು ಟೇಬಲ್‌ನಿಂದ ಕೌಂಟರ್‌ಗೆ ಹೋಗಲಿ. ರುಚಿ ನೋಡದೆ ಉದುರಿಸಿಕೊಳ್ಳುವ ಅಭ್ಯಾಸಕ್ಕೆ ನಾಲ್ಕು ಹೆಜ್ಜೆಯ ದೂರವೇ ಸಾಕಷ್ಟು ತಡೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ, ಹಪ್ಪಳ-ಉಪ್ಪಿನಕಾಯಿಯದ್ದೂ ಸೇರಿ.

ಉತ್ತರ 2:
ಸಾಲಿನಲ್ಲಿ ಮೊದಲು ಕೋಸಂಬರಿ, ಪಲ್ಯ, ಕೊನೆಗೆ ಅನ್ನ. ಖಾಲಿ ತಟ್ಟೆಗೆ ಮೊದಲು ಸಿಕ್ಕಿದ್ದೇ ಹೆಚ್ಚು ಬೀಳೋದು. ಬೆಣ್ಣೆ ದೋಸೆ ದಿನ ಅರ್ಧ ಉಂಡೆ ಬೆಣ್ಣೆ ಇಟ್ಟು ಕೊಡಿ, ಕೇಳಿದವರಿಗೆ ಇನ್ನರ್ಧ ತಕ್ಷಣ. ಅದಕ್ಕೆ ಹೆಚ್ಚು ದುಡ್ಡು ಕೇಳಿದರೆ, ಬಡಿಸುವವರು ಮುಖ ಸಿಂಡರಿಸಿದರೆ, ಅದು ಆಯ್ಕೆಯಲ್ಲ, ದಂಡ.

ಉತ್ತರ 3:
ಗುಟ್ಟಾಗಿ ಮಾತ್ರ ಮಾಡಬೇಡಿ. ಗೊತ್ತಾದ ದಿನ ನಂಬಿಕೆ ಹೋಗುತ್ತೆ. ಏನು ಬದಲಾಯಿತು, ಯಾಕೆ ಅಂತ ಬೋರ್ಡ್ ಮೇಲೆ ಬರೆಯಿರಿ. ಒಂದೊಂದೇ ಬದಲಿಸಿ. ಅದಕ್ಕೂ ಮುಂಚೆ ಎರಡು ವಾರ ಸಕ್ಕರೆ, ಉಪ್ಪು ದಿನಾ ತೂಗಿ ಬರೆದಿಡಿ.