ಬೆಟ್ಸ್ ಹೋದ, ಡೆವರ್ಸೂ ಹೋದ... ಫೀಲ್ಡಿಂಗ್ ನಂಬರ್‌ನ ನಂಬೋದಾ ಬೇಡ್ವಾ?

ಫೆನ್ವೇ_ಬನಶಂಕರಿ:

ಎಲ್ರಿಗೂ ನಮಸ್ಕಾರ. ಇಲ್ಲಿ ಬೇಸ್‌ಬಾಲ್ ನೋಡೋರು ಬೆರಳೆಣಿಕೆ ಅಂತ ಗೊತ್ತು, ಆದ್ರೂ ಕೇಳ್ತಿದೀನಿ. ನಂದು ನೈಟ್ ಶಿಫ್ಟ್, ಕ್ಲೈಂಟ್ ಬಾಸ್ಟನ್‌ನೋರು, ಅವ್ರ ಜೊತೆ ಕಾಲ್ ಮಾಡೀ ಮಾಡೀ ರೆಡ್ ಸಾಕ್ಸ್ ಹುಚ್ಚು ಹತ್ತಿಸ್ಕೊಂಡೆ. ನಮ್ ಭಾವ ನ್ಯೂಯಾರ್ಕ್ ಯಾಂಕೀಸ್ ಫ್ಯಾನ್. ಹಬ್ಬಕ್ಕೆ ಎಲ್ಲ ಸೇರಿದ್ರೆ ಎಲೆ ಹಾಕೋಕ್ ಮುಂಚೇನೇ ಜಗಳ ಶುರು.

ವಿಷ್ಯ ಇದು. 2020 ಫೆಬ್ರವರಿಲಿ ನಮ್ಮೋರು ಮೂಕಿ ಬೆಟ್ಸ್‌ನ ಡಾಡ್ಜರ್ಸ್‌ಗೆ ಕೊಟ್ಟು ವರ್ಡೂಗೊ, ಜೀಟರ್ ಡೌನ್ಸ್, ಕಾನರ್ ವಾಂಗ್ ಮೂರು ಜನನ ತಗೊಂಡ್ರು, ಜೊತೆಗೆ ಡೇವಿಡ್ ಪ್ರೈಸ್‌ನೂ ಸಾಗಹಾಕಿದ್ರು, ಎಲ್ಲ ದುಡ್ಡು ಉಳ್ಸೋಕೆ. ಆ ಗಾಯ ಇನ್ನೂ ಮಾಗಿಲ್ಲ, ಅಷ್ಟರಲ್ಲಿ 2025 ಜೂನ್ 15ಕ್ಕೆ ರಫೇಲ್ ಡೆವರ್ಸ್‌ನೂ ಜೈಂಟ್ಸ್‌ಗೆ ಕಳ್ಸಿದ್ರು. ಅದೂ ಯಾಂಕೀಸ್ ಮೇಲೆ ಮೂರಕ್ಕೆ ಮೂರೂ ಗೆದ್ದ ದಿನ, ಅವತ್ತು ಪುಣ್ಯಾತ್ಮ ಹೋಮ್ ರನ್ ಬೇರೆ ಹೊಡ್ದಿದ್ದ. ಭಾವ ಹೇಳೋದು, ಡೆವರ್ಸ್ ಬ್ಯಾಟಿಂಗ್ ಓಕೆ ಆದ್ರೆ ಥರ್ಡ್ ಬೇಸಲ್ಲಿ ಅವ್ನ ಫೀಲ್ಡಿಂಗ್ ನಂಬರ್ ಪ್ರತಿ ವರ್ಷ ಮೈನಸ್, ಆಮೇಲೆ ಟೀಮ್ ಫಸ್ಟ್ ಬೇಸ್ ಆಡು ಅಂದ್ರೆ ಆಡಲ್ಲ ಅಂದ, ಅಂಥೋನಿಗೆ 313.5 ಮಿಲಿಯನ್ ಯಾಕೆ, ಕೊಟ್ಟಿದ್ದೇ ಸರಿ ಅಂತ. ಅದೇ ಭಾವನಿಗೆ ಅವ್ರ ಟೀಮ್ ಫೀಲ್ಡಿಂಗ್ ಬಗ್ಗೆ ಕೇಳಿ ನೋಡಿ, "ನಂಬರ್ ಎಲ್ಲ ಸುಮ್ನೆ ಕಣೋ, ಆಟ ನೋಡು" ಅಂತಾನೆ!

ಹಂಗಾದ್ರೆ ಈ ಡಿಆರ್‌ಎಸ್, ಓಎಎ ಎಲ್ಲ ಲೆಕ್ಕವೋ ಜಾತಕವೋ? ಮತ್ತೆ ಡೆವರ್ಸ್ ಆಡಲ್ಲ ಅಂದಿದ್ದು ತಪ್ಪಾ?

ಎಕ್ಸೆಲ್_ಮಂಜ:

ಮೊದ್ಲು ಒಂದು ಕ್ಲಾರಿಟಿ, ಇಲ್ಲಿ ಕ್ರಿಕೆಟ್‌ನೋರೂ ಓದ್ತಾರೆ. ಡಿಆರ್‌ಎಸ್ ಅಂದ ತಕ್ಷಣ ಟಿವಿ ಅಂಪೈರು, ಅಲ್ಟ್ರಾ ಎಡ್ಜು ಅಂತ ಓಡ್ಬೇಡಿ ಮಾರಾಯ್ರೆ, ಬೇಸ್‌ಬಾಲಲ್ಲಿ ಅದು ಡಿಫೆನ್ಸಿವ್ ರನ್ಸ್ ಸೇವ್ಡ್, ಅಂದ್ರೆ ಅದೇ ಜಾಗದಲ್ಲಿ ಆಡೋ ಸರಾಸರಿ ಫೀಲ್ಡರ್‌ಗಿಂತ ಇವ್ನು ಎಷ್ಟು ರನ್ ಉಳಿಸ್ದ ಅಥ್ವಾ ಕಳ್ದ ಅನ್ನೋದು. 2003ರಿಂದ ಇದೆ. ಹತ್ತು ರನ್ ಉಳಿಸಿದ್ರೆ ಸುಮಾರು ಒಂದು ಗೆಲುವು ಅಂತ ಲೆಕ್ಕ.

ಓಎಎ ಬೇರೆ, ಔಟ್ಸ್ ಅಬವ್ ಆವರೇಜ್, ಅಂದ್ರೆ ಸರಾಸರಿಗಿಂತ ಎಷ್ಟು ಔಟ್ ಜಾಸ್ತಿ ಮಾಡ್ದ ಅನ್ನೋದು, ಅದು ಕ್ಯಾಮೆರಾ ಲೆಕ್ಕ. ಔಟ್‌ಫೀಲ್ಡಲ್ಲಿ ಬಾಲ್ ಎದ್ದಾಗ ಫೀಲ್ಡರ್ ಎಷ್ಟು ದೂರ ಓಡ್ಬೇಕು, ಎಷ್ಟು ಸೆಕೆಂಡ್ ಇದೆ, ಹಿಂದಕ್ಕೆ ಓಡ್ಬೇಕಾ, ಗೋಡೆ ಹತ್ರ ಇದೆಯಾ, ಇಷ್ಟನ್ನೂ ನೋಡಿ ಈ ಕ್ಯಾಚಿಗೆ ಇಷ್ಟು ಪರ್ಸೆಂಟ್ ಅಂತ ಇಡ್ತಾರೆ. ನೂರಕ್ಕೆ ಇಪ್ಪತ್ತೈದು ಸಲ ಸಿಗೋ ಕ್ಯಾಚ್ ಹಿಡಿದ್ರೆ ಮುಕ್ಕಾಲು ಪಾಯಿಂಟ್ ಪ್ಲಸ್ಸು, ಬಿಟ್ರೆ ಬರೀ ಕಾಲು ಮೈನಸ್ಸು. ಅದೇ 95 ಪರ್ಸೆಂಟಿಂದು ಬಿಟ್ಟ ಅನ್ಕೊಳಿ, ಹತ್ರ ಹತ್ರ ಒಂದು ಪೂರ್ತಿ ಹೋಯ್ತು. ನಂಗಂತೂ ಇದಕ್ಕಿಂತ ನ್ಯಾಯವಾದ ಲೆಕ್ಕ ಕಾಣಲ್ಲ.

ಆದ್ರೆ ಒಂದೇ ಸೀಸನ್ ನಂಬರ್ ಹಿಡ್ಕೊಂಡು ಭಾವನ ಜೊತೆ ಜಗಳಕ್ಕೆ ಹೋಗ್ಬೇಡಿ, ಮೂರು ವರ್ಷದ್ದಾದ್ರೂ ಒಟ್ಟಿಗೆ ನೋಡ್ಬೇಕು. ಡೆವರ್ಸ್ ವಿಷ್ಯದಲ್ಲಿ ಮೂರಲ್ಲ, ಅದಕ್ಕಿಂತ ಜಾಸ್ತಿ ವರ್ಷದ್ದೇ ಮೈನಸ್ ಇದೆ. ಸೋ ಭಾವ 1, ನೀವು 0.

ಪಿನ್‌ಸ್ಟ್ರೈಪ್_ಮಲ್ಲೇಶ್ವರ:

ಮಂಜ ಅವ್ರೆ, ನ್ಯಾಯವಾದ ಲೆಕ್ಕ ಅಂದ್ರಲ್ಲ, ಒಂದು ಕಥೆ ಕೇಳಿ. ನಾನೂ ಯಾಂಕೀಸ್, ಬೇಕಾದ್ರೆ ಇವ್ರ ಭಾವನ ಪಾರ್ಟಿ ಅನ್ಕೊಳಿ.

2024 ವರ್ಲ್ಡ್ ಸೀರೀಸ್, ಅಂದ್ರೆ ಫೈನಲ್ಲು, ಡಾಡ್ಜರ್ಸ್ ಮೇಲೆ ಐದನೇ ಮ್ಯಾಚ್. ಅಲ್ಲಿ ಅಕ್ಟೋಬರ್ 30 ರಾತ್ರಿ, ನಮ್ಗೆ 31 ಬೆಳಿಗ್ಗೆ ಐದೂಮುಕ್ಕಾಲಿಗೆ ಶುರು, ಸರಿಯಾಗಿ ನರಕ ಚತುರ್ದಶಿ. ನಮ್ಮಮ್ಮ ಹಂಡೆಗೆ ಪೂಜೆ ಮಾಡಿ ಬೆಳ್ಳಂಬೆಳಿಗ್ಗೆನೇ ತಲೆಗೆ ಎಣ್ಣೆ ಒತ್ತಿ ಕೂರಿಸಿದ್ರು, ಎಣ್ಣೆ ಇಳೀಬೇಕು ಸ್ವಲ್ಪ ಹೊತ್ತು ಕೂತ್ಕೋ ಅಂತ, ನಾನು ಆ ಸ್ವಲ್ಪ ಹೊತ್ತನ್ನೇ ಎರಡೂವರೆ ಗಂಟೆ ಮಾಡ್ದೆ. ಬೀದಿಲಿ ಪಟಾಕಿ, ಕೈಯೆಲ್ಲ ಎಣ್ಣೆ, ಫೋನ್ ಸ್ಕ್ರೀನ್ ಒತ್ತಿದ್ರೆ ಒಂದು ಕಡೆ, ತೆರ್ಕೊಳೋದು ಇನ್ನೊಂದ್ ಕಡೆ. ನಮ್ಮೋರು 5-0 ಮುಂದೆ. ನಮ್ ಪಿಚರ್ ಗೆರಿಟ್ ಕೋಲ್ ನಾಲ್ಕು ಇನ್ನಿಂಗ್ಸಲ್ಲಿ ಒಂದು ಹಿಟ್ ಕೂಡ ಕೊಟ್ಟಿಲ್ಲ. ನಾಲ್ಕನೇದ್ರಲ್ಲಿ ನಮ್ ಔಟ್‌ಫೀಲ್ಡರ್ ಆರನ್ ಜಡ್ಜ್ ಗೋಡೆಗೆ ಗುದ್ದಿ ಫ್ರೀಮನ್‌ದು ಒಂದು ಕ್ಯಾಚ್ ಹಿಡ್ದ ನೋಡಿ, ನಾನು ಎದ್ದು ಕುಣ್ದಿದ್ದಕ್ಕೆ ಗೋಡೆ ಮೇಲೆ ಎಣ್ಣೆ ಕೈ ಅಚ್ಚು ಬಿತ್ತು, ಇವತ್ತಿಗೂ ಹಂಗೇ ಇದೆ.

ಐದನೇ ಇನ್ನಿಂಗ್ಸ್. ಬೇಸ್ ಮೇಲೆ ಅವ್ರೋನು ಒಬ್ಬ ಆಗ್ಲೇ ಇದ್ದ. ಅದೇ ಜಡ್ಜ್, ಎಡ್ಮನ್ ಹೊಡ್ದ ಸಲೀಸು ಬಾಲು, ನಮ್ ಗಲ್ಲಿ ಹುಡುಗ್ರೂ ಹಿಡೀತಾರೆ, ಗ್ಲೌಸಿಗೆ ಬಡಿದು ಬಿತ್ತು. ಮುಂದಿನ ಬಾಲು ನಮ್ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ಮಧ್ಯೆ ನಿಲ್ಲೋನು) ವೋಲ್ಪೆ ಹತ್ರ, ಥರ್ಡ್ ಬೇಸಿಗೆ ಎಸ್ದ, ನೆಲಕ್ಕೆ ಬಡೀತು. ಮೂರು ಬೇಸೂ ಫುಲ್ಲು, ಒಂದೂ ಔಟಿಲ್ಲ. ಕೋಲ್ ಗಂಡಸು, ಲಕ್ಸ್‌ನೂ ಓಟಾನಿನೂ ಸ್ಟ್ರೈಕೌಟ್ ಮಾಡ್ದ. ಎರಡು ಔಟ್. ಆಮೇಲೆ ಬೆಟ್ಸ್ ಒಂದು ಪುಸ್ಕ ಬಾಲ್ ಉರುಳಿಸ್ದ ಫಸ್ಟ್ ಬೇಸ್ ಕಡೆ, ರಿಝೋ ಹಿಡ್ದ, ಆದ್ರೆ ಬೇಸ್ ಹತ್ರ ಯಾರಿದ್ದಾರೆ? ಯಾರೂ ಇಲ್ಲ! ಅಲ್ಲಿಗೆ ಓಡ್ಬೇಕಾಗಿದ್ದ ಕೋಲ್ ನಿಂತ್ಕೊಂಡು ಕೈ ತೋರಿಸ್ತಿದಾನೆ, ನೀನೇ ಹೋಗು ಅಂತ. ಬೆಟ್ಸ್ ಜೀವ ಬಿಟ್ಟು ಓಡ್ದ, ಒಂದು ರನ್ ಬಂತು. ಆಮೇಲೆ ಫ್ರೀಮನ್ ಎರಡು ರನ್, ಟಿಯೋಸ್ಕರ್ ಎರಡು ರನ್, 5-5. ಕೊನೆಗೆ 7-6 ಸೋತ್ವಿ.

ಈಗ ಬನ್ನಿ ಲೆಕ್ಕಕ್ಕೆ. ಸ್ಕೋರ್‌ಬುಕ್ಕಲ್ಲಿ ಜಡ್ಜ್‌ಗೆ ಎರರ್, ವೋಲ್ಪೆಗೆ ಎರರ್. ಕೋಲ್‌ಗೆ? ಸೊನ್ನೆ. ಅದನ್ನ ಬೆಟ್ಸ್ ಹಿಟ್ ಅಂತ ಬರ್ದಿದಾರೆ. ಆ ಐದು ರನ್ನೂ ಅನ್‌ಅರ್ನ್ಡ್, ಅಂದ್ರೆ ಕೋಲ್ ಲೆಕ್ಕಕ್ಕೇ ಇಲ್ಲ, ಅವ್ನ ಇಆರ್‌ಎ (ಪಿಚರ್ ಒಂಬತ್ತು ಇನ್ನಿಂಗ್ಸಿಗೆ ಕೊಡೋ ರನ್ ಸರಾಸರಿ) ಥಳ ಥಳ ಹೊಳೀತಿದೆ ನಮ್ಮಮ್ಮ ಉಜ್ಜಿದ ಹಂಡೆ ಥರ. ನಾನು ನೋಡಿರೋದ್ರಲ್ಲೇ ಅತೀ ದುಬಾರಿ ತಪ್ಪು, ಅದಕ್ಕೊಂದು ಕಾಲಮ್ಮೇ ಇಲ್ಲ ಸ್ವಾಮಿ.

ಫೆನ್ವೇ_ಬನಶಂಕರಿ:

ಹ ಹ ಹ ಅಣ್ಣ, ಕಥೆನ ಅರ್ಧಕ್ಕೆ ನಿಲ್ಲಿಸಿದ್ರಿ! ಎಂಟನೇ ಇನ್ನಿಂಗ್ಸಲ್ಲಿ ಗೆಲುವಿನ ರನ್ ಬಂದಿದ್ದು ಯಾರ ಸ್ಯಾಕ್ರಿಫೈಸ್ ಫ್ಲೈಗೆ, ಅಂದ್ರೆ ತಾನು ಕ್ಯಾಚ್ ಔಟಾಗಿ ಇನ್ನೊಬ್ಬನ್ನ ಓಡ್ಸೋ ಹೊಡೆತಕ್ಕೆ? ಬೆಟ್ಸ್. ಸರಿ, ಒಂಬತ್ತನೇದ್ರಲ್ಲಿ ಯಾಂಕೀಸ್ ಕೊನೇ ಔಟ್ ಯಾರು? ವರ್ಡೂಗೊ!! ಬೆಟ್ಸ್‌ನ ಕೊಟ್ಟು ನಾವು ತಂದ್ಕೊಂಡ ವರ್ಡೂಗೊ, ನಮ್ಮೋರು 2023 ಡಿಸೆಂಬರಲ್ಲಿ ಅವ್ನನ್ನ ನಿಮ್ಗೇ ದಾಟ್ಸಿದ್ರಲ್ಲ, ಅವ್ನೇ ಬ್ಯಾಟ್ ಬೀಸಿ ಸ್ಟ್ರೈಕೌಟ್. ಟ್ರೇಡ್ ವ್ಯಾಲ್ಯೂ ಅಂದ್ರೇನು ಅಂತ ಯಾರಾದ್ರೂ ಕೇಳಿದ್ರೆ ಆ ಒಂದು ರಾತ್ರಿ ತೋರಿಸ್ರಪ್ಪ ಸಾಕು. ನಂಗೆ ಅಳಬೇಕೋ ನಗಬೇಕೋ ಗೊತ್ತಾಗ್ಲಿಲ್ಲ ಅವತ್ತು.

ಇನ್ನೊಂದು, ಅದರ ಹಿಂದಿನ ದಿನ ನಾಲ್ಕನೇ ಮ್ಯಾಚಲ್ಲಿ ನಿಮ್ ಯಾಂಕೀಸ್ ಫ್ಯಾನ್ ಇಬ್ರು ಬೆಟ್ಸ್ ಕೈ ಹಿಡ್ಕೊಂಡು ಗ್ಲೌಸಿಂದ ಬಾಲ್ ಕಿತ್ಕೊಂಡ್ರಲ್ಲ, ಸ್ಪೋರ್ಟ್ಸ್‌ಮನ್‌ಶಿಪ್ ಪಾಠ ಡೆವರ್ಸ್‌ಗೆ ಹೇಳೋಕ್ ಮುಂಚೆ ಅದನ್ನ ನೋಡ್ಕೊಳಿ.

ಪಿನ್‌ಸ್ಟ್ರೈಪ್_ಮಲ್ಲೇಶ್ವರ:

ಅದಕ್ಕೆ ಕ್ಷಮೆ ಇಲ್ಲ, ಒಪ್ಕೋತೀನಿ. ಆಚೆ ಹಾಕಿದ್ರು, ಮಾರನೇ ದಿನ ಸ್ಟೇಡಿಯಂ ಒಳಗೂ ಬಿಡ್ಲಿಲ್ಲ, ಸರಿ ಮಾಡಿದ್ರು.

ಹಳೇ_ಸ್ಲಿಪ್_ಫೀಲ್ಡರ್:

ನಾನು ಕ್ರಿಕೆಟ್ ಮನುಷ್ಯ, ಬೇಸ್‌ಬಾಲ್ ಅಷ್ಟಕ್ಕಷ್ಟೇ, ಆದ್ರೆ ಒಂದು ಮಾತು. ನೀವು ಕಾಲಮ್ ಇಲ್ಲ ಅಂತ ಅಳ್ತಿದೀರಿ, ನಮ್ಗೆ ಅಷ್ಟೂ ಇಲ್ಲ. ದ್ರಾವಿಡ್ 164 ಟೆಸ್ಟಲ್ಲಿ 210 ಕ್ಯಾಚು, 2025ರಲ್ಲಿ ಜೋ ರೂಟ್ ದಾಟಿದ, ಭೇಷ್. ಆದ್ರೆ ಇಬ್ರೂ ಬಿಟ್ಟಿದ್ದು ಎಷ್ಟು? ಸ್ಕೋರ್‌ಕಾರ್ಡಲ್ಲಿ ಹುಡುಕಿ, ಸಿಗಲ್ಲ. ಹಿಡಿದಿದ್ದನ್ನ ಮಾತ್ರ ಎಣಿಸೋ ಆಟ ನಮ್ದು.

ಡೆವರ್ಸ್ ವಿಷ್ಯ ಈಗ ಓದಿ ತಿಳ್ಕೊಂಡೆ. ಥರ್ಡ್ ಬೇಸ್ ನಿಂದು ಅಂತ ಇಟ್ಕೊಂಡು, ಹೊಸ ಥರ್ಡ್ ಬೇಸ್‌ಮನ್ ಬ್ರೆಗ್‌ಮನ್ ಬಂದ ಅಂತ ಗ್ಲೌಸ್ ಎತ್ತಿಡು ಬರೀ ಬ್ಯಾಟ್ ಮಾಡು ಅಂದು, ಆಮೇಲೆ ಫಸ್ಟ್ ಬೇಸ್ ಹುಡುಗನ ಮಂಡಿ ಹೋಯ್ತು ಅಂತ ಗ್ಲೌಸ್ ಮತ್ತೆ ತಗೋ ಅಂದ್ರೆ ಯಾವನಿಗೆ ಕೋಪ ಬರಲ್ಲ. ಆದ್ರೂ ಆಡಬೇಕಿತ್ತು. ಜೈಂಟ್ಸ್‌ಗೆ ಹೋದ್ಮೇಲೆ ಅದೇ ಫಸ್ಟ್ ಬೇಸ್ ಆಡಿದಾನಂತಲ್ಲ, ಅಂದ್ರೆ ಕೈಲಾಗ್ದೆ ಅಲ್ಲ, ಮನಸ್ಸಿಲ್ದೆ. ಅದು ನಂಗೆ ಸರಿ ಕಾಣ್ಲಿಲ್ಲ. ಇನ್ನೊಂದ್ ಕಡೆ, ಐಪಿಎಲ್ ಟ್ರೇಡಲ್ಲಿ ಆಟಗಾರ ಒಪ್ಪಲೇಬೇಕು, ಸಂಜು ಚೆನ್ನೈಗೆ ಬಂದಿದ್ದೂ ಜಡೇಜಾ ರಾಜಸ್ಥಾನಕ್ಕೆ ಹೋಗಿದ್ದೂ ಅವ್ರವ್ರ ಒಪ್ಪಿಗೆ ಮೇಲೆ. ಅಲ್ಲಿ ಕಾಂಟ್ರಾಕ್ಟಲ್ಲಿ ಬರೆಸ್ಕೊಂಡಿಲ್ಲ ಅಂದ್ರೆ ಎತ್ತಿನಗಾಡೀಲಿ ಮೂಟೆ ಹಾಕ್ದಂಗೆ ಹಾಕಿ ಕಳಿಸ್ತಾರೆ. ಹಂಗೆ ಕಳಿಸೋರು ಆಟಗಾರನ ನಿಷ್ಠೆ ಬಗ್ಗೆ ಜಾಸ್ತಿ ಮಾತಾಡಬಾರ್ದು.

ಸ್ಪೋರ್ಟ್ಸ್‌ಮನ್‌ಶಿಪ್ ಅಂದ್ರೆ ನಮ್ ಭದ್ರಾವತಿ ವಿಶಿ. 1980 ಫೆಬ್ರವರಿ, ವಾಂಖೆಡೆ, ಜುಬಿಲಿ ಟೆಸ್ಟು. ಇಂಗ್ಲೆಂಡ್ 58ಕ್ಕೆ 5, ಬಾಬ್ ಟೇಲರ್ ಕಾಟ್ ಬಿಹೈಂಡ್ ಅಂತ ಅಂಪೈರ್ ಬೆರಳೆತ್ತಿ ಆಗಿದೆ, ಕ್ಯಾಪ್ಟನ್ ವಿಶ್ವನಾಥ್ ಸ್ಲಿಪ್ಪಿಂದ ಬಂದು ಇಲ್ಲ ಬ್ಯಾಟಿಗೆ ತಾಗಿಲ್ಲ ಅಂತ ವಾಪಸ್ ಕರ್ದ್ರು. ಟೇಲರು ಬಾಥಮ್ಮು ಸೇರಿ 171 ಸೇರಿಸಿದ್ರು, ನಾವು ಹತ್ತು ವಿಕೆಟ್ಟಿಂದ ಸೋತ್ವಿ. ನಿಮ್ ಲೆಕ್ಕದಲ್ಲಿ ಅದು ಎಷ್ಟು ಮೈನಸ್ಸು ಮಂಜ?

ಎಕ್ಸೆಲ್_ಮಂಜ:

ಸರ್, ಇದಕ್ಕೆ ಉತ್ರ ಇಲ್ಲ. ಆದ್ರೆ ನೀವು ಬೇಸ್‌ಬಾಲ್ ಕ್ಯಾಚರ್‌ಗಳನ್ನ ನೋಡಿದ್ರೆ ಎದೆ ಒಡ್ಕೋತೀರಿ. ಸ್ಟ್ರೈಕ್ ಅಲ್ಲದ ಬಾಲನ್ನ ಹಿಡಿಯುವಾಗ ಮಣಿಕಟ್ಟು ನಯವಾಗಿ ಒಳಗೆ ಎಳೆದು ಅಂಪೈರ್ ಕೈಲಿ ಸ್ಟ್ರೈಕ್ ಅನ್ನಿಸೋದನ್ನ ಫ್ರೇಮಿಂಗ್ ಅಂತ ಕರ್ದು, ಅದಕ್ಕೂ ಇಷ್ಟು ರನ್ ಉಳಿಸ್ದ ಅಂತ ನಂಬರ್ ಕೊಟ್ಟು, ಆ ನಂಬರ್ ನೋಡಿ ಸಂಬಳನೂ ಕೊಡ್ತಾರೆ. 2026ರಿಂದ ಎಬಿಎಸ್ ಬಂದಿದೆ, ಅಂದ್ರೆ ಬಾಲೋ ಸ್ಟ್ರೈಕೋ ಅಂತ ಮಷೀನ್ ನೋಡಿ ಹೇಳೋದು, ಟೀಮಿಗೆ ಎರಡು ಚಾಲೆಂಜು, ಹೆಚ್ಚು ಕಮ್ಮಿ ನಮ್ ಕ್ರಿಕೆಟ್ ಡಿಆರ್‌ಎಸ್ಸೇ ಅದು. ಆ ಕೈಚಳಕಕ್ಕೆ ಎಷ್ಟು ಬೆಲೆ ಉಳಿಯುತ್ತೆ ನೋಡ್ಬೇಕು.

ಸಾಫ್ಟ್‌ಬಾಲ್_ಅಕ್ಕ:

ತಡವಾಗಿ ನೋಡ್ದೆ ಈ ಥ್ರೆಡ್ಡು. ಕೋಲ್ ಕವರ್ ಮಾಡ್ದೇ ಇದ್ದಿದ್ದು ನೋಡಿ ನಂಗೂ ಮೈ ಉರೀತು, ಸಾಫ್ಟ್‌ಬಾಲಲ್ಲಿ ನಮ್ದು ಬೇಸ್ ಹತ್ರ ಹತ್ರ ಇರೋದ್ರಿಂದ ಹೆಚ್ಚಾಗಿ ಸೆಕೆಂಡ್ ಬೇಸ್‌ನೋಳೇ ಓಡಿ ಬರ್ತಾಳೆ, ಆದ್ರೂ ಬಾಲ್ ಬಲಗಡೆ ಹೋಯ್ತು ಅಂದ್ರೆ ಪಿಚರ್ ಕಾಲು ಕೇಳ್ದೇ ಓಡ್ಬೇಕು. ಇರ್ಲಿ. ನಾನು ಹೇಳೋಕ್ ಬಂದಿದ್ದು ಬೇರೆ.

ಕಾಲೇಜಲ್ಲಿ ನಮ್ ಟೀಮಲ್ಲಿ ಇಬ್ರು ಶಾರ್ಟ್‌ಸ್ಟಾಪ್. ಒಬ್ಳು ನಿಂತ ಜಾಗಕ್ಕೆ ಬಂದ ಬಾಲ್ ಒಂದೂ ಬಿಡ್ತಿರ್ಲಿಲ್ಲ, ಆದ್ರೆ ಎರಡು ಹೆಜ್ಜೆ ಆಚೆ ಹೋದ್ರೆ ತಲೆ ತಿರುಗಿಸಿ ನೋಡ್ತಿದ್ಳು ಅಷ್ಟೆ. ಇನ್ನೊಬ್ಳು ನನ್ ಫ್ರೆಂಡು, ಥರ್ಡ್ ಬೇಸ್ ಹಿಂದೆ ಹೋಗೋ ಬಾಲಿಗೂ ಹಾರ್ತಿದ್ಳು, ಮೊಣಕೈ ಯಾವಾಗ್ಲೂ ಕಿತ್ತೋಗಿ ಕೆಂಪು ಮಣ್ಣು ಮೆತ್ಕೊಂಡಿರೋದು. ಹತ್ತರಲ್ಲಿ ಆರು ಸಿಗೋದು, ಒಂದೆರಡು ಗ್ಲೌಸಿಗೆ ತಾಗಿ ಬೀಳೋದು. ನಂಗೆ ಆಗ ಬೆರಳು ಮುರ್ದು ಬೆಂಚಲ್ಲಿದ್ದೆ, ಸ್ಕೋರ್‌ಬುಕ್ ನನ್ ಕೈಲಿ. ಗ್ಲೌಸಿಗೆ ತಾಗಿ ಬಿದ್ರೆ ಎರರ್ ಅಂತ ಹೇಳ್ಕೊಟ್ಟಿದ್ರು, ಬರ್ದೆ. ಇ-6, ಇ-6, ಇ-6, ಅಂದ್ರೆ ಶಾರ್ಟ್‌ಸ್ಟಾಪ್ ಎರರ್. ಒಂದೇ ಮ್ಯಾಚಲ್ಲಿ ಮೂರು. ಆ ಪುಸ್ತಕ ನೋಡಿ ಅವ್ಳನ್ನ ಬಿಟ್ಟು ಇನ್ನೊಬ್ಳನ್ನ ತಗೊಂಡ್ರು. ಕೈಗೇ ಸಿಗದ ಬಾಲಿಗೆ ಎರರ್ ಇಲ್ವಲ್ಲ, ಅವ್ಳ ಕಾಲಮ್ಮು ಸ್ವಚ್ಛ. ಆಮೇಲೆ ನನ್ ಫ್ರೆಂಡ್ ಆಟನೇ ಬಿಟ್ಳು.

ಓಎಎ ಅಂತ ಒಂದಿದೆ ಅಂತ ಎಷ್ಟೋ ವರ್ಷ ಆದ್ಮೇಲೆ ಓದಿದಾಗ ನಂಗೆ ಮೊದ್ಲು ನೆನಪಾಗಿದ್ದು ಆ ಪೆನ್ನು. ಹಂಗಾಗಿ ಜಾತಕ ಅನ್ಬೇಡಿ ಬನಶಂಕರಿ ಅವ್ರೆ, ಇದ್ದ ಲೆಕ್ಕ ಇನ್ನೂ ಕೆಟ್ಟದಿತ್ತು.

ಎಕ್ಸೆಲ್_ಮಂಜ:

ಅಕ್ಕ, ರೂಲ್ ಪ್ರಕಾರ ಸಾಮಾನ್ಯ ಪ್ರಯತ್ನದಲ್ಲಿ ಸಿಗೋ ಬಾಲ್ ಬಿಟ್ರೆ ಮಾತ್ರ ಎರರ್. ಹಾರಿ ಹೋಗಿ ಗ್ಲೌಸಿಗೆ ತಾಗಿ ಬಿದ್ರೆ ಅದು ಹಿಟ್ಟು. ನೀವು ಬರ್ದಿದ್ದೇ ತಪ್ಪು.

ಸಾಫ್ಟ್‌ಬಾಲ್_ಅಕ್ಕ:

ಗೊತ್ತಪ್ಪ, ಈಗ ಗೊತ್ತು. ಆಗ ಹತ್ತೊಂಬತ್ತು ವರ್ಷ, ಯಾರು ಹೇಳಿದ್ರೂ ಹೂಂ ಅಂತಿದ್ದೆ.

ಪಿನ್‌ಸ್ಟ್ರೈಪ್_ಮಲ್ಲೇಶ್ವರ:

ಫ್ರೆಂಡ್‌ಗೆ ಹೇಳಿದೀರಾ ಇದನ್ನ?

ಸಾಫ್ಟ್‌ಬಾಲ್_ಅಕ್ಕ:

ಇಷ್ಟು ವರ್ಷ ಹೇಳಿರ್ಲಿಲ್ಲ. ನಿನ್ನೆ ರಾತ್ರಿ ಇದರ ಸ್ಕ್ರೀನ್‌ಶಾಟ್ ಕಳಿಸ್ದೆ. ಬೆಳಿಗ್ಗೆ ರಿಪ್ಲೈ ಬಂತು, "ಎರಡು ಓಕೆ ಕಣೇ, ಮೂರನೇದು ನಿಜವಾಗ್ಲೂ ನಂದೇ ತಪ್ಪು, ಕಾಲ್ ಮಧ್ಯೆ ಹೋಯ್ತು."